ಇಸಿಯು ಟ್ಯೂನಿಂಗ್‌ನಲ್ಲಿ ಇಂಜೆಕ್ಟರ್ ಕ್ಯಾಲಿಬ್ರೇಶನ್: ಪದೇ ಪದೇ ಕೇಳುವ ಪ್ರಶ್ನೆಗಳು

ಪೆಟ್ರೋಲ್ ಕಾರಿಗೆ ಬೇರೆ ಇಂಜೆಕ್ಟರ್ ಹಾಕಿಕೊಂಡು, ಅಥವಾ ಇರುವ ಇಂಜೆಕ್ಟರ್‌ಗಳಿಗೇ ಮೆಗಾಸ್ಕ್ವರ್ಟ್, ಸ್ಪೀಡುಯಿನೋದಂಥ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಜೋಡಿಸಿಕೊಂಡು ಟ್ಯೂನಿಂಗ್‌ಗೆ ಕೂತವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಇಲ್ಲಿ ಹೇಳಿರುವುದೆಲ್ಲ ಇನ್‌ಟೇಕ್ ಪೋರ್ಟ್‌ಗೆ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಎಂಜಿನ್‌ಗಳ ಕುರಿತದ್ದು. ಲೆಕ್ಕ ಹಾಕುವಾಗ ಮಾರುತಿ ಜಿಪ್ಸಿ ಕಿಂಗ್‌ನ 1298 ಸಿಸಿ ಜಿ13ಬಿಬಿ ಎಂಜಿನ್ನನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಇಂಜೆಕ್ಟರ್‌ನ ಅಂಕಿಗಳು ಮಾತ್ರ ಲೆಕ್ಕಕ್ಕೆ ಅನುಕೂಲವಾಗಲೆಂದು ಆರಿಸಿಕೊಂಡವು; ನಿಮ್ಮ ಕೈಯಲ್ಲಿರುವ ಇಂಜೆಕ್ಟರ್‌ಗೆ ಅವನ್ನೇ ನಕಲು ಮಾಡಬೇಡಿ.

ಇಂಜೆಕ್ಟರ್ ಕ್ಯಾಲಿಬ್ರೇಶನ್ ಎಂದರೆ ಕ್ಲೀನಿಂಗ್ ಮಾಡಿಸುವುದೇ?

ಅಲ್ಲ. ಅಲ್ಟ್ರಾಸಾನಿಕ್ ಯಂತ್ರದಲ್ಲಿ ಹಾಕಿ ತೊಳೆಸುವುದು ಕ್ಲೀನಿಂಗ್. ಇಂಜೆಕ್ಟರ್ ನಿಜವಾಗಿ ಎಷ್ಟು ಹೊತ್ತು ತೆರೆದಿರುತ್ತದೆ, ಆ ಹೊತ್ತಿನಲ್ಲಿ ಎಷ್ಟು ಪೆಟ್ರೋಲ್ ಬಿಡುತ್ತದೆ ಎಂಬುದನ್ನು ಇಸಿಯುಗೆ ಸರಿಯಾಗಿ ತಿಳಿಸುವುದು ಕ್ಯಾಲಿಬ್ರೇಶನ್. ಇಸಿಯು ಪೆಟ್ರೋಲನ್ನು ಅಳೆದು ಕೊಡುವುದಿಲ್ಲ. ಅದರ ಕೈಯಲ್ಲಿರುವುದು ಸಮಯ ಮಾತ್ರ. ಸಮಯವನ್ನು ಪೆಟ್ರೋಲಿನ ಅಳತೆಗೆ ಬದಲಾಯಿಸುವ ಲೆಕ್ಕ ತಪ್ಪಿದರೆ ಮುಂದಿನ ಟ್ಯೂನಿಂಗ್ ಎಲ್ಲವೂ ಆ ತಪ್ಪಿನ ಮೇಲೆಯೇ ನಿಲ್ಲುತ್ತದೆ. ಹಳೆಯ ಇಂಜೆಕ್ಟರ್‌ಗಳನ್ನು ತೊಳೆಸದೆ ಅಳೆಯುವುದರಲ್ಲೂ ಅರ್ಥವಿಲ್ಲದ ಕಾರಣ, ಮೊದಲು ಕ್ಲೀನಿಂಗ್, ಹೊಸ ಫಿಲ್ಟರ್, ಹೊಸ ಓ-ರಿಂಗ್, ಆಮೇಲೆ ಅಳತೆ ಎಂಬ ಕ್ರಮವನ್ನು ಪಾಲಿಸುವುದು ಒಳ್ಳೆಯದು.

ಇಸಿಯುಗೆ ಯಾವ ಯಾವ ಅಂಕಿಗಳನ್ನು ಕೊಡಬೇಕು?

ಕನಿಷ್ಠ ಎರಡು: ಫ್ಲೋ ರೇಟ್ ಮತ್ತು ಡೆಡ್ ಟೈಮ್. ಫ್ಲೋ ರೇಟ್ ಎಂದರೆ ಇಂಜೆಕ್ಟರನ್ನು ಪೂರ್ತಿ ತೆರೆದೇ ಇಟ್ಟರೆ, ಗೊತ್ತಾದ ಒಂದು ಪ್ರೆಶರ್‌ನಲ್ಲಿ, ನಿಮಿಷಕ್ಕೆ ಎಷ್ಟು ಸಿಸಿ ಹರಿಯುತ್ತದೆ ಎಂಬ ಅಳತೆ. ಅಮೆರಿಕದ ಪಟ್ಟಿಗಳಲ್ಲಿ ಇದನ್ನು ಗಂಟೆಗೆ ಇಷ್ಟು ಪೌಂಡ್ ಎಂದು ಕೊಟ್ಟಿರುತ್ತಾರೆ, ಅದನ್ನು 10.5ರಿಂದ ಗುಣಿಸಿದರೆ ಸಿಸಿ ಲೆಕ್ಕ ಹತ್ತಿರಹತ್ತಿರ ಸಿಗುತ್ತದೆ. ಡೆಡ್ ಟೈಮ್ (ಇದನ್ನು ಮುಂದೆ ವಿವರಿಸಿದ್ದೇನೆ) ಒಂದೇ ಅಂಕಿಯಲ್ಲ, ವೋಲ್ಟೇಜ್‌ಗೆ ತಕ್ಕಂತೆ ಬದಲಾಗುವ ಒಂದು ಟೇಬಲ್. ಇವೆರಡರ ಜೊತೆಗೆ ಕೆಲವು ಇಸಿಯುಗಳು ತೀರಾ ಚಿಕ್ಕ ಪಲ್ಸ್‌ಗಳಿಗೆ (ಇಂಜೆಕ್ಟರಿಗೆ ಒಂದು ಸಲಕ್ಕೆ ಕರೆಂಟ್ ಕೊಡುವ ಹೊತ್ತೇ ಪಲ್ಸ್) ಪ್ರತ್ಯೇಕ ತಿದ್ದುಪಡಿಯನ್ನು ಕೇಳುತ್ತವೆ. ಫೋರ್ಡ್ ಇಸಿಯುಗಳಲ್ಲಿ ಇದು ಲೋ ಸ್ಲೋಪ್, ಹೈ ಸ್ಲೋಪ್ ಮತ್ತು ಅವೆರಡೂ ಸೇರುವ ಬ್ರೇಕ್ ಪಾಯಿಂಟ್ ಎಂಬ ರೂಪದಲ್ಲಿದ್ದರೆ, ಜನರಲ್ ಮೋಟಾರ್ಸ್ ಇಸಿಯುಗಳಲ್ಲಿ ಶಾರ್ಟ್ ಪಲ್ಸ್ ಆಡರ್ ಎಂಬ ಟೇಬಲ್ ಆಗಿರುತ್ತದೆ.

ಪೆಟ್ಟಿಗೆಯ ಮೇಲೆ ಬರೆದ ಫ್ಲೋ ಅಂಕಿಯನ್ನೇ ಹಾಕಬಹುದೇ?

ಆರಂಭಕ್ಕೆ ಹಾಕಬಹುದು, ಆದರೆ ಎರಡು ವಿಷಯ ನೋಡಿಕೊಳ್ಳಿ. ಆ ಅಳತೆ ಯಾವ ಪ್ರೆಶರ್‌ನಲ್ಲಿ ಮಾಡಿದ್ದು ಎಂಬುದು ಮೊದಲನೆಯದು. ಬಹುಪಾಲು 3 ಬಾರ್ ಇರುತ್ತದೆ, ಯಾವಾಗಲೂ ಅಲ್ಲ. ಯಾವ ದ್ರವದಲ್ಲಿ ಅಳೆದರು ಎಂಬುದು ಎರಡನೆಯದು. ಪ್ರಯೋಗಾಲಯಗಳಲ್ಲಿ ಪೆಟ್ರೋಲಿನ ಬದಲು ಎನ್-ಹೆಪ್ಟೇನ್ ಬಳಸುವ ರೂಢಿ ಇದೆ. ಅದು ಪೆಟ್ರೋಲಿಗಿಂತ ಹಗುರ, ಹಾಗಾಗಿ ಅದೇ ಇಂಜೆಕ್ಟರ್‌ನಲ್ಲಿ ಪೆಟ್ರೋಲ್ ಹರಿಸಿದಾಗ ಸಿಸಿ ಲೆಕ್ಕದಲ್ಲಿ ಸುಮಾರು ಶೇ 4ರಷ್ಟು ಕಡಿಮೆ ಬರುತ್ತದೆ.

ಡೆಡ್ ಟೈಮ್ ಎಂದರೇನು? ಅದಕ್ಕೆ ಇಷ್ಟು ಮಹತ್ವ ಏಕೆ?

ಇಸಿಯು ಕರೆಂಟ್ ಕೊಟ್ಟ ಕ್ಷಣವೇ ಇಂಜೆಕ್ಟರ್ ತೆರೆಯುವುದಿಲ್ಲ. ಒಳಗಿನ ಕಾಯಿಲ್‌ನಲ್ಲಿ ಕರೆಂಟ್ ಏರಬೇಕು, ಸ್ಪ್ರಿಂಗ್ ಮತ್ತು ಪೆಟ್ರೋಲಿನ ಒತ್ತಡ ಎರಡನ್ನೂ ಮೀರಿ ಸೂಜಿ ಮೇಲೇಳಬೇಕು. ಕರೆಂಟ್ ನಿಲ್ಲಿಸಿದ ಮೇಲೆ ಮುಚ್ಚಿಕೊಳ್ಳಲೂ ಸ್ವಲ್ಪ ಹೊತ್ತು ಬೇಕು, ಆದರೆ ತೆರೆಯುವಷ್ಟು ಹೊತ್ತು ಬೇಡ. ಈ ಎರಡರ ವ್ಯತ್ಯಾಸವೇ ಡೆಡ್ ಟೈಮ್. ಕೆಲವು ಸಾಫ್ಟ್‌ವೇರ್‌ಗಳು ಇದನ್ನೇ ಲೇಟೆನ್ಸಿ ಎಂದೋ ಆಫ್‌ಸೆಟ್ ಎಂದೋ ಕರೆಯುತ್ತವೆ. 14 ವೋಲ್ಟ್‌ನಲ್ಲಿ ಇದು ಬಹಳಷ್ಟು ಇಂಜೆಕ್ಟರ್‌ಗಳಿಗೆ 1 ಮಿಲಿಸೆಕೆಂಡಿನ ಆಸುಪಾಸಿನಲ್ಲಿರುತ್ತದೆ. ಸ್ಟಾರ್ಟರ್ ತಿರುಗುವಾಗ ವೋಲ್ಟೇಜ್ 9ಕ್ಕೋ 10ಕ್ಕೋ ಇಳಿದರೆ ಎರಡರಷ್ಟಾದರೂ ಆಶ್ಚರ್ಯವಿಲ್ಲ.

ಮಹತ್ವ ತಿಳಿಯಲು ಒಮ್ಮೆ ಕೈಲೆಕ್ಕ ಮಾಡಿ ನೋಡೋಣ. ಜಿ13ಬಿಬಿ ಎಂಜಿನ್ನಿನ ಒಂದು ಸಿಲಿಂಡರಿನ ಪಾಲು 324.5 ಸಿಸಿ. ಲೀಟರಿಗೆ 1.2 ಗ್ರಾಂ ಗಾಳಿ ಎಂದಿಟ್ಟುಕೊಂಡರೆ ಅದರಲ್ಲಿ 0.389 ಗ್ರಾಂ ಗಾಳಿ ಹಿಡಿಯುತ್ತದೆ. 14.7ಕ್ಕೆ 1ರ ಅನುಪಾತದಲ್ಲಿ ಅದಕ್ಕೆ ಬೇಕಾದ ಪೆಟ್ರೋಲ್ 26.5 ಮಿಲಿಗ್ರಾಂ, ಅಂದರೆ ಸುಮಾರು 0.0355 ಸಿಸಿ. ನಿಮಿಷಕ್ಕೆ 240 ಸಿಸಿ ಬಿಡುವ ಇಂಜೆಕ್ಟರ್ ಒಂದು ಮಿಲಿಸೆಕೆಂಡಿಗೆ 0.004 ಸಿಸಿ ಬಿಡುತ್ತದೆಯಾದ್ದರಿಂದ ಅದು 8.9 ಮಿಲಿಸೆಕೆಂಡ್ ತೆರೆದಿರಬೇಕು. ಮೆಗಾಸ್ಕ್ವರ್ಟ್‌ನಲ್ಲಿ ರಿಕ್ವೈರ್ಡ್ ಫ್ಯುಯೆಲ್ ಎಂದು ಕೇಳುವ ಅಂಕಿ ಇದೇ.

ಪೂರ್ತಿ ಆಕ್ಸಲರೇಟರ್ ಒತ್ತಿದಾಗ, ವಿಇ (ಸಿಲಿಂಡರ್ ತನ್ನ ಅಳತೆಯ ಎಷ್ಟು ಪಾಲು ಗಾಳಿ ತುಂಬಿಕೊಳ್ಳುತ್ತದೆ ಎಂಬ ಲೆಕ್ಕ) ಶೇ 90 ಎಂದುಕೊಂಡರೆ, 8 ಮಿಲಿಸೆಕೆಂಡ್ ಬೇಕು. ಐಡಲ್‌ನಲ್ಲಿ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಒಯ್ಯುವ ಕೊಳವೆ) ಪ್ರೆಶರ್ 35 ಕಿಲೋಪಾಸ್ಕಲ್, ವಿಇ ಶೇ 50 ಎಂದುಕೊಂಡರೆ 1.56 ಮಿಲಿಸೆಕೆಂಡ್ ಸಾಕು. ಈಗ ಡೆಡ್ ಟೈಮನ್ನು 0.2 ಮಿಲಿಸೆಕೆಂಡಿನಷ್ಟು ಕಡಿಮೆ ಬರೆದಿದ್ದೀರಿ ಎನ್ನಿ. ಪೂರ್ತಿ ಲೋಡ್‌ನಲ್ಲಿ ಆಗುವ ತಪ್ಪು ಶೇ 2.5, ಯಾರಿಗೂ ಗೊತ್ತಾಗುವುದಿಲ್ಲ. ಐಡಲ್‌ನಲ್ಲಿ ಅದೇ ತಪ್ಪು ಶೇ 13ರಷ್ಟು ಲೀನ್ ಮಾಡುತ್ತದೆ, ಅಂದರೆ ಪೆಟ್ರೋಲ್ ಅಷ್ಟು ಕಡಿಮೆಯಾಗುತ್ತದೆ. ಅದೇ ಎಂಜಿನ್ನಿಗೆ, ಟರ್ಬೋ ಹಾಕುವ ಆಸೆಯಿಂದ, 550 ಸಿಸಿ ಇಂಜೆಕ್ಟರ್ ಕೂರಿಸಿದರೆ ಐಡಲ್‌ಗೆ ಬೇಕಾದ ಸಮಯ 0.68 ಮಿಲಿಸೆಕೆಂಡ್‌ಗೆ ಇಳಿಯುತ್ತದೆ, ತಪ್ಪು ಶೇ 29ಕ್ಕೆ ಏರುತ್ತದೆ. “ದೊಡ್ಡ ಇಂಜೆಕ್ಟರ್ ಹಾಕಿದ ಮೇಲೆ ಐಡಲ್ ನಿಲ್ಲುತ್ತಲೇ ಇಲ್ಲ” ಎಂಬ ದೂರಿನ ಹಿಂದೆ ಹೆಚ್ಚಿನ ಸಲ ಇರುವುದು ಇಷ್ಟೇ.

ಅದನ್ನು ವಿಇ ಟೇಬಲ್‌ನಲ್ಲೇ ಸರಿಮಾಡಿಕೊಂಡರೆ ಆಗದೇ?

ಆಗುತ್ತದೆ, ಮತ್ತು ಹಲವರು ಹಾಗೆಯೇ ಮಾಡುತ್ತಾರೆ. ಐಡಲ್ ಲೀನ್ ಇದೆಯೆಂದು ಅಲ್ಲಿನ ನಾಲ್ಕು ಮನೆಗಳ ಅಂಕಿ ಏರಿಸಿದರೆ ಹೊಗೆಯಲ್ಲಿನ ಆಕ್ಸಿಜನ್ ನೋಡಿ ಮಿಶ್ರಣ ಹೇಳುವ ವೈಡ್‌ಬ್ಯಾಂಡ್ ಮೀಟರ್ ಸರಿ ತೋರಿಸುತ್ತದೆ. ಆದರೆ ವಿಇ ಟೇಬಲ್ ಹೇಳಬೇಕಾದದ್ದು ಎಂಜಿನ್ನಿನ ಉಸಿರಾಟದ ಕತೆಯನ್ನು. ಇಂಜೆಕ್ಟರಿನ ದೋಷವನ್ನು ಅದರೊಳಗೆ ತುರುಕಿದರೆ ಆ ತಿದ್ದುಪಡಿ ನೀವು ಟ್ಯೂನ್ ಮಾಡಿದ ವೋಲ್ಟೇಜ್‌ಗೆ ಮಾತ್ರ ಹೊಂದುತ್ತದೆ. ಎಸಿ ಹಾಕಿದಾಗ, ಹೆಡ್‌ಲೈಟ್ ಹಾಕಿದಾಗ, ತಣ್ಣಗಿನ ಬೆಳಿಗ್ಗೆ ಬ್ಯಾಟರಿ ಕುಗ್ಗಿದಾಗ ಲೆಕ್ಕ ತಪ್ಪುತ್ತದೆ. ಮುಂದೆ ಇಂಜೆಕ್ಟರ್ ಬದಲಾಯಿಸಿದ ದಿನ ಇಡೀ ಟೇಬಲನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಇಂಜೆಕ್ಟರ್ ಅಂಕಿಗಳು ಸರಿಯಿದ್ದ ಕಾರಿನಲ್ಲಾದರೋ ಹೊಸ ಫ್ಲೋ ಮತ್ತು ಹೊಸ ಡೆಡ್ ಟೈಮ್ ಬರೆದು ಸ್ಟಾರ್ಟ್ ಮಾಡಿದರೆ ಹಳೆಯ ವಿಇ ಟೇಬಲ್ ಹೆಚ್ಚುಕಡಿಮೆ ಹಾಗೆಯೇ ಹೊಂದಿಕೊಳ್ಳುತ್ತದೆ. ವಿಇ ಟೇಬಲ್ ಗುಡ್ಡ-ಕಣಿವೆಗಳಿಲ್ಲದೆ ನುಣುಪಾಗಿ ಏರಿ ಇಳಿಯುತ್ತಿದ್ದರೆ ಅಡಿಪಾಯ ಸರಿಯಿದೆ ಎಂದೇ ನಾನು ತಿಳಿಯುತ್ತೇನೆ. ಐಡಲ್ ಹತ್ತಿರ ಮಾತ್ರ ಒಂದು ಗೋಪುರ ಎದ್ದಿದ್ದರೆ ಮೊದಲು ಅನುಮಾನಪಡುವುದು ಡೆಡ್ ಟೈಮನ್ನು.

ತಪ್ಪಿರುವುದು ಫ್ಲೋ ಅಂಕಿಯೋ ಡೆಡ್ ಟೈಮೋ ಎಂದು ತಿಳಿಯುವುದು ಹೇಗೆ?

ಒಂದು ದೀರ್ಘ ಡೇಟಾ ಲಾಗ್ ತೆಗೆದು, ಮೀಟರ್ ತೋರಿಸುವ ಲ್ಯಾಂಬ್ಡಾ (ಆದರ್ಶ ಮಿಶ್ರಣಕ್ಕೆ 1, ಲೀನ್ ಆದರೆ 1ಕ್ಕಿಂತ ಹೆಚ್ಚು) ಮತ್ತು ನೀವು ಕೇಳಿದ ಲ್ಯಾಂಬ್ಡಾ ನಡುವಿನ ವ್ಯತ್ಯಾಸವನ್ನು ಪಲ್ಸ್ ಉದ್ದಕ್ಕೆ ಎದುರಾಗಿ ಗ್ರಾಫ್ ಮಾಡಿ. ವ್ಯತ್ಯಾಸ ಎಲ್ಲ ಕಡೆಯೂ ಒಂದೇ ಶೇಕಡಾವಾರು ಇದ್ದರೆ ಫ್ಲೋ ತಪ್ಪಿದೆ. ಪಲ್ಸ್ ಚಿಕ್ಕದಾದಂತೆ ವ್ಯತ್ಯಾಸ ಬೆಳೆಯುತ್ತಾ ಹೋದರೆ ಡೆಡ್ ಟೈಮ್ ತಪ್ಪಿದೆ. ಎರಡೂ ತಪ್ಪಿರುವುದು ಅಪರೂಪವಲ್ಲ. ಆಗ ಮೊದಲು ಉದ್ದ ಪಲ್ಸ್‌ಗಳ ಜಾಗದಲ್ಲಿ ಫ್ಲೋ ಸರಿಮಾಡಿ, ಅನಂತರ ಕೆಳಗೆ ಇಳಿಯಿರಿ.

ಬೆಂಚ್ ಮೇಲೆ ಡೆಡ್ ಟೈಮ್ ಅಳೆಯುವ ಕ್ರಮವೇನು?

ಬೇಕಾದದ್ದು ಪ್ರೆಶರ್ ಗೇಜ್ ಇರುವ ರೈಲ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ), ವೋಲ್ಟೇಜ್ ಸ್ಥಿರವಾಗಿಡುವ ಪವರ್ ಸಪ್ಲೈ, ಹೇಳಿದಷ್ಟು ಉದ್ದದ ಪಲ್ಸ್‌ಗಳನ್ನು ಹೇಳಿದಷ್ಟು ಸಲ ಕೊಡುವ ಡ್ರೈವರ್, ಮತ್ತು 0.1 ಗ್ರಾಂ ತೋರಿಸುವ ತಕ್ಕಡಿ. ಗಾಜಿನ ಅಳತೆ ಕೊಳವೆಯಲ್ಲಿ ನೊರೆ ಏಳುವುದರಿಂದ ಓದುವಾಗ ಕಣ್ಣು ಮೋಸ ಹೋಗುತ್ತದೆ. ತೂಕ ಮಾಡಿ, ದ್ರವದ ಸಾಂದ್ರತೆಯಿಂದ ಭಾಗಿಸಿದರೆ ಆ ತಾಪತ್ರಯವಿಲ್ಲ.

14 ವೋಲ್ಟ್, 3 ಬಾರ್ ಇಟ್ಟು, 3 ಮಿಲಿಸೆಕೆಂಡಿನ 1000 ಪಲ್ಸ್ ಕೊಟ್ಟಾಗ 8 ಸಿಸಿ ಬಂತು, 6 ಮಿಲಿಸೆಕೆಂಡಿನ 1000 ಪಲ್ಸ್ ಕೊಟ್ಟಾಗ 20 ಸಿಸಿ ಬಂತು ಎನ್ನಿ. ಸಮಯ ಇಮ್ಮಡಿಯಾದರೂ ಪೆಟ್ರೋಲ್ ಎರಡೂವರೆ ಪಟ್ಟು ಆಯಿತು. ಮೊದಲನೆಯ ಪಲ್ಸ್‌ನಲ್ಲಿ ವ್ಯರ್ಥವಾದ ಪಾಲು ಹೆಚ್ಚು ಎಂಬುದು ಅಲ್ಲೇ ಕಾಣುತ್ತದೆ. 3 ಮಿಲಿಸೆಕೆಂಡ್ ಹೆಚ್ಚಿಸಿದ್ದಕ್ಕೆ 12 ಸಿಸಿ ಹೆಚ್ಚಿತು, ಅಂದರೆ ಮಿಲಿಸೆಕೆಂಡಿಗೆ 4. ಹಾಗಾದರೆ 8 ಸಿಸಿಗೆ ನಿಜವಾಗಿ ಬೇಕಾದದ್ದು 2 ಮಿಲಿಸೆಕೆಂಡ್. ಉಳಿದ 1 ಮಿಲಿಸೆಕೆಂಡ್ ಡೆಡ್ ಟೈಮ್. ಎರಡೇ ಬಿಂದುಗಳ ಮೇಲೆ ನಂಬಿಕೆ ಇಡದೆ 2ರಿಂದ 10 ಮಿಲಿಸೆಕೆಂಡ್‌ವರೆಗೆ ಏಳೆಂಟು ಅಳತೆ ತೆಗೆದು ನೇರ ಗೆರೆ ಎಳೆಯಿರಿ. ಇದನ್ನೇ 8, 10, 12, 16 ವೋಲ್ಟ್‌ಗಳಲ್ಲೂ ಮಾಡಿದರೆ ಟೇಬಲ್ ಸಿದ್ಧ.

ಕೆಳಗಿನ ತುದಿಯಲ್ಲಿ, ಸಾಮಾನ್ಯವಾಗಿ 2 ಮಿಲಿಸೆಕೆಂಡ್‌ಗಿಂತ ಕೆಳಗೆ, ಬಿಂದುಗಳು ಗೆರೆಯಿಂದ ಸರಿಯಲು ಶುರುವಾಗುತ್ತವೆ. ಸೂಜಿ ಪೂರ್ತಿ ಮೇಲೇಳುವ ಮೊದಲೇ ಕರೆಂಟ್ ನಿಲ್ಲುವುದು ಇದಕ್ಕೆ ಕಾರಣ. ಶಾರ್ಟ್ ಪಲ್ಸ್ ತಿದ್ದುಪಡಿ ಬೇಕಾಗುವುದು ಇಲ್ಲಿಯೇ. ಆ ಬಿಂದುಗಳನ್ನು ಗೆರೆ ಎಳೆಯುವಾಗ ಸೇರಿಸಿಕೊಂಡರೆ ಡೆಡ್ ಟೈಮೂ ಕೆಡುತ್ತದೆ.

ಪೆಟ್ರೋಲ್ ಮಂಜಾಗಿ ಹಾರುವ ಜಾಗದಲ್ಲಿ ಒಂದು ಸಡಿಲ ವೈರಿನ ಕಿಡಿ ಸಾಕು. ಬಯಲಲ್ಲಿ ಮಾಡಿ, ಮುಚ್ಚಿದ ಪಾತ್ರೆ ಬಳಸಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ. ಒಳಮನೆಯಲ್ಲಿ ಮಾಡುವ ಕೆಲಸ ಇದಲ್ಲ.

ಬೆಂಚ್ ಇಲ್ಲ. ಕಾರಿನಲ್ಲೇ ಅಂದಾಜು ಮಾಡಬಹುದೇ?

ಬ್ಯಾಚ್ ಮಾದರಿಯಲ್ಲಿ (ಹಲವು ಇಂಜೆಕ್ಟರ್‌ಗಳನ್ನು ಒಟ್ಟಿಗೆ ತೆರೆದು) ಸಿಂಪಡಿಸುವ, ಎಂಜಿನ್ನಿನ ಒಂದು ಚಕ್ರಕ್ಕೆ, ಅಂದರೆ ಎರಡು ಸುತ್ತಿಗೆ, ಎಷ್ಟು ಸಲ ಎಂಬುದನ್ನು ಬದಲಾಯಿಸಲು ಬಿಡುವ ಇಸಿಯು ಇದ್ದರೆ ಒಂದು ಚೆಂದದ ಉಪಾಯವಿದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಆಕ್ಸಿಜನ್ ಸೆನ್ಸರ್ ತಿದ್ದುಪಡಿಯನ್ನು ನಿಲ್ಲಿಸಿ, 2000 ಆರ್‌ಪಿಎಂ ಸುಮಾರಿಗೆ ಸ್ಥಿರವಾಗಿ ಹಿಡಿದು ಲ್ಯಾಂಬ್ಡಾ ಬರೆದುಕೊಳ್ಳಿ. ಚಕ್ರಕ್ಕೆ 2 ಸಲ ಇದ್ದದ್ದನ್ನು 4 ಮಾಡಿ ಮತ್ತೆ ನೋಡಿ. ಒಟ್ಟು ಪೆಟ್ರೋಲ್ ಅಷ್ಟೇ ಇರಬೇಕು, ಆದರೆ ಡೆಡ್ ಟೈಮ್ ಎರಡು ಸಲದ ಬದಲು ನಾಲ್ಕು ಸಲ ಸೇರುತ್ತದೆ. ಮಿಶ್ರಣ ರಿಚ್ ಆದರೆ (ಪೆಟ್ರೋಲ್ ಹೆಚ್ಚಾದರೆ) ನೀವು ಬರೆದ ಡೆಡ್ ಟೈಮ್ ಹೆಚ್ಚಾಗಿದೆ, ಲೀನ್ ಆದರೆ ಕಡಿಮೆಯಾಗಿದೆ, ಬದಲಾಗದಿದ್ದರೆ ಸರಿಯಿದೆ. ದೊಡ್ಡ ಇಂಜೆಕ್ಟರ್‌ಗಳಲ್ಲಿ ಪಲ್ಸ್ ತೀರಾ ಚಿಕ್ಕದಾಗಿ ಗೆರೆ ಬಾಗುವ ಜಾಗಕ್ಕೆ ಬಂದುಬಿಟ್ಟರೆ ಈ ಉಪಾಯ ನಡೆಯುವುದಿಲ್ಲ; ಸ್ವಲ್ಪ ಲೋಡ್ ಇರುವಲ್ಲಿ ಮಾಡಬೇಕು.

ವೋಲ್ಟೇಜ್ ಟೇಬಲ್ ಸರಿಯಿದೆ, ಆದರೂ ರಾತ್ರಿ ಹೊತ್ತು ಮಾತ್ರ ಎಂಜಿನ್ ಮಿಸ್ ಆಗುತ್ತದೆ. ಏಕೆ?

ಇದೇ ದೂರಿನೊಂದಿಗೆ ಒಂದು ಜಿಪ್ಸಿ ನನ್ನ ಕೈಗೆ ಬಂದಿತ್ತು. ಹಗಲು ಐಡಲ್ ಗಡಿಯಾರದಂತೆ ನಿಲ್ಲುತ್ತಿತ್ತು. ಕತ್ತಲಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ನಡುಗಿ ಆಫ್ ಆಗುತ್ತಿತ್ತು. ಡೆಡ್ ಟೈಮ್ ಟೇಬಲನ್ನು ಎರಡು ಸಂಜೆ ತಿದ್ದಿ ತಿದ್ದಿ ಸೋತ ಮೇಲೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ: ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಪ್ಲಸ್‌ಗೂ ಇನ್ನೊಂದನ್ನು ಇಂಜೆಕ್ಟರ್ ಕನೆಕ್ಟರಿನ ಪ್ಲಸ್ ಪಿನ್‌ಗೂ ಹಿಡಿದು, ಎಂಜಿನ್ ಓಡುತ್ತಿರುವಾಗ ಫಾಗ್ ಲ್ಯಾಂಪ್ ಹಾಕಿದೆ. 0.2 ಇದ್ದದ್ದು 1.3 ವೋಲ್ಟ್‌ಗೆ ಜಿಗಿಯಿತು. ಫಾಗ್ ಲ್ಯಾಂಪ್ ಹಾಕಿದವರು ಸುಲಭವಾಗಿ ಸಿಕ್ಕಿತೆಂದು ಇಂಜೆಕ್ಟರಿನ ರಿಲೇಯಿಂದಲೇ ಲೈನ್ ಎಳೆದಿದ್ದರು. ರಿಲೇ ಬಿಚ್ಚಿದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿತ್ತು. ಇಸಿಯು ತನ್ನ ಬೇರೆ ವೈರಿನಲ್ಲಿ 14 ವೋಲ್ಟ್ ಕಂಡು 14 ವೋಲ್ಟಿನ ಡೆಡ್ ಟೈಮ್ ಕೊಡುತ್ತಿತ್ತು, ಇಂಜೆಕ್ಟರಿಗೆ ಸಿಗುತ್ತಿದ್ದದ್ದು 13ಕ್ಕೂ ಕಡಿಮೆ. ಮೇಲಿನ ಲೆಕ್ಕವನ್ನೇ ಹಿಡಿದರೆ, ಅಲ್ಲಿ 0.15 ಮಿಲಿಸೆಕೆಂಡ್ ಏರುಪೇರಾದರೂ ಐಡಲ್ ಶೇ 10ರಷ್ಟು ಲೀನ್.

ಆದ್ದರಿಂದ ಟೇಬಲ್ ಮುಟ್ಟುವ ಮೊದಲು ವೈರಿಂಗ್ ನೋಡಿ. ಇಸಿಯು ಅಳೆಯುವ ವೋಲ್ಟೇಜ್ ಮತ್ತು ಇಂಜೆಕ್ಟರಿಗೆ ತಲುಪುವ ವೋಲ್ಟೇಜ್ ಒಂದೇ ಆಗಿರಬೇಕು.

ಫ್ಯುಯೆಲ್ ಪ್ರೆಶರ್ ಬದಲಾದರೆ ಏನೇನು ಬದಲಾಗುತ್ತದೆ?

ಫ್ಲೋ, ಪ್ರೆಶರಿನ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. 3 ಬಾರ್‌ನಲ್ಲಿ 240 ಸಿಸಿ ಇದ್ದದ್ದು 4 ಬಾರ್‌ನಲ್ಲಿ 320 ಆಗುವುದಿಲ್ಲ, 277 ಆಗುತ್ತದೆ. ಸೂಜಿ ಹೆಚ್ಚಿನ ಒತ್ತಡದ ವಿರುದ್ಧ ಏಳಬೇಕಾದ್ದರಿಂದ ಡೆಡ್ ಟೈಮ್ ಕೂಡ ಸ್ವಲ್ಪ ಏರುತ್ತದೆ. ಫ್ಲೋ ಬದಲಿಸಿ ಇದನ್ನು ಮರೆಯುವವರೇ ಹೆಚ್ಚು.

ಇಲ್ಲಿ ಲೆಕ್ಕಕ್ಕೆ ಬರುವುದು ರೈಲ್‌ನ ಪ್ರೆಶರ್ ಅಲ್ಲ, ರೈಲ್‌ಗೂ ಮ್ಯಾನಿಫೋಲ್ಡ್‌ಗೂ ನಡುವಿನ ವ್ಯತ್ಯಾಸ. ರೆಗ್ಯುಲೇಟರಿಗೆ ಮ್ಯಾನಿಫೋಲ್ಡ್‌ನಿಂದ ವ್ಯಾಕ್ಯೂಮ್ ಪೈಪ್ ಬಂದಿದ್ದರೆ ಈ ವ್ಯತ್ಯಾಸ ಸದಾ ಒಂದೇ ಇರುತ್ತದೆ, ಚಿಂತೆಯಿಲ್ಲ. ರಿಟರ್ನ್ ಪೈಪ್ ಇಲ್ಲದೆ, ಟ್ಯಾಂಕ್ ಒಳಗೇ ರೆಗ್ಯುಲೇಟರ್ ಇರುವ ಕಾರುಗಳಲ್ಲಿ ರೈಲ್ ಪ್ರೆಶರ್ ಹೊರಗಿನ ಗಾಳಿಗೆ ಹೋಲಿಸಿ 3 ಬಾರ್ ನಿಂತಿರುತ್ತದೆ. ಸಮುದ್ರ ಮಟ್ಟದಲ್ಲಿ, ಮ್ಯಾನಿಫೋಲ್ಡ್ 35 ಕಿಲೋಪಾಸ್ಕಲ್ ಇರುವ ಐಡಲ್‌ನಲ್ಲಿ, ನಿಜವಾದ ವ್ಯತ್ಯಾಸ 366 ಕಿಲೋಪಾಸ್ಕಲ್. ಫ್ಲೋ ಶೇ 10 ಹೆಚ್ಚು. ಅಂಥ ಕಾರಿಗೆ ಟರ್ಬೋ ಹಾಕಿ ಮ್ಯಾನಿಫೋಲ್ಡ್ 200 ಕಿಲೋಪಾಸ್ಕಲ್ ಮುಟ್ಟಿದರೆ ವ್ಯತ್ಯಾಸ 201ಕ್ಕೆ ಕುಸಿದು, ಪೆಟ್ರೋಲ್ ಅತಿ ಹೆಚ್ಚು ಬೇಕಾದ ಹೊತ್ತಿಗೇ ಫ್ಲೋ ಶೇ 18 ಕಡಿಮೆಯಾಗುತ್ತದೆ. ಇಸಿಯುನಲ್ಲಿ ಈ ತಿದ್ದುಪಡಿಗೆ ಜಾಗವಿದ್ದರೆ ತುಂಬಿ. ಟರ್ಬೋ ಕಾರಿಗೆ ಮ್ಯಾನಿಫೋಲ್ಡ್‌ಗೆ ಜೋಡಿಸುವ ರೆಗ್ಯುಲೇಟರ್ ಹಾಕುವುದೇ ಒಳ್ಳೆಯದು.

ಎಷ್ಟು ದೊಡ್ಡ ಇಂಜೆಕ್ಟರ್ ಬೇಕು?

ಬೇಕಾದಷ್ಟೇ. 6000 ಆರ್‌ಪಿಎಂನಲ್ಲಿ ಒಂದು ಚಕ್ರಕ್ಕೆ 20 ಮಿಲಿಸೆಕೆಂಡ್ ಸಮಯವಿದೆ. ನಮ್ಮ ಉದಾಹರಣೆಯಲ್ಲಿ ಪೂರ್ತಿ ಲೋಡ್‌ನ 8 ಮಿಲಿಸೆಕೆಂಡನ್ನು 12.8ರ ಅನುಪಾತಕ್ಕೆ ರಿಚ್ ಮಾಡಿದರೆ 9.2, ಡೆಡ್ ಟೈಮ್ ಸೇರಿ 10.2, ಡ್ಯೂಟಿ ಸೈಕಲ್ (ಆ 20 ಮಿಲಿಸೆಕೆಂಡಿನಲ್ಲಿ ಪಲ್ಸ್‌ನ ಪಾಲು) ಶೇ 51. ಟರ್ಬೋ ಇಲ್ಲದ ಜಿಪ್ಸಿಗೆ 240 ಸಿಸಿ ಧಾರಾಳ. ಟರ್ಬೋ ಹಾಕಿ ಮ್ಯಾನಿಫೋಲ್ಡ್ 200 ಕಿಲೋಪಾಸ್ಕಲ್ ಮುಟ್ಟಿದರೆ ಅದೇ 19.4 ಮಿಲಿಸೆಕೆಂಡ್ ಆಗುತ್ತದೆ, ಸಾಲದು. ಶೇ 85ರ ಮೇಲೆ ಹೋಗದಂತೆ ಆರಿಸಿಕೊಳ್ಳುವುದು ರೂಢಿ.

ಲೋ ಇಂಪಿಡೆನ್ಸ್ ಇಂಜೆಕ್ಟರ್ ಸಿಕ್ಕಿದೆ. ಹಾಕಬಹುದೇ?

ಮಲ್ಟಿಮೀಟರಿನಲ್ಲಿ ಸುಮಾರು 12 ಓಮ್ ತೋರಿದರೆ ನೇರವಾಗಿ ಹಾಕಬಹುದು. 2-3 ಓಮ್ ತೋರಿದರೆ ಅದಕ್ಕೆ ಪೀಕ್ ಅಂಡ್ ಹೋಲ್ಡ್ ಡ್ರೈವರ್ (ತೆರೆಯಲು ಹೆಚ್ಚು ಕರೆಂಟ್ ಕೊಟ್ಟು ಆಮೇಲೆ ಇಳಿಸುವಂಥದ್ದು) ಅಥವಾ ಪ್ರತಿ ಇಂಜೆಕ್ಟರಿಗೂ ರೆಸಿಸ್ಟರ್ ಬೇಕು, ಇಲ್ಲದಿದ್ದರೆ ಇಸಿಯುನ ಡ್ರೈವರ್ ಸುಡುತ್ತದೆ. ರೆಸಿಸ್ಟರ್ ಹಾಕಿದರೆ ಡೆಡ್ ಟೈಮ್ ಬದಲಾಗುತ್ತದೆ. ಅಳತೆಯನ್ನೂ ರೆಸಿಸ್ಟರ್ ಸಮೇತವೇ ಮಾಡಬೇಕು.

ಕಂಪನಿಯ ಇಸಿಯು ಇದೆ. ಏರ್‌ಫ್ಲೋ ಸೆನ್ಸರಿನ ಅಂಕಿ ಇಳಿಸಿ ದೊಡ್ಡ ಇಂಜೆಕ್ಟರ್ ಹೊಂದಿಸಬಹುದು ಎನ್ನುತ್ತಾರೆ. ಸರಿಯೇ?

ಇದನ್ನು ದಯವಿಟ್ಟು ಮಾಡಬೇಡಿ. ಮಾಸ್ ಏರ್‌ಫ್ಲೋ ಅಂಕಿಯನ್ನು ಶೇ 20 ಇಳಿಸಿದರೆ ಪೆಟ್ರೋಲ್ ಕಡಿಮೆಯಾಗಿ ಮಿಶ್ರಣವೇನೋ ಸರಿಹೋಗುತ್ತದೆ. ಆದರೆ ಅದೇ ಅಂಕಿಯಿಂದಲೇ ಇಸಿಯು ಲೋಡ್ ಲೆಕ್ಕ ಹಾಕುವುದು. ಗಾಳಿ ಕಡಿಮೆ ಬರುತ್ತಿದೆ, ಲೋಡ್ ಹಗುರವಾಗಿದೆ ಎಂದು ಭಾವಿಸಿ ಇಗ್ನಿಷನ್ ಟೈಮಿಂಗನ್ನು ಹೆಚ್ಚು ಅಡ್ವಾನ್ಸ್ ಮಾಡುತ್ತದೆ. ನಿಜವಾದ ಲೋಡ್‌ಗೆ ಅದು ಅತಿಯಾಗಿ ನಾಕಿಂಗ್ ಆರಂಭವಾಗುತ್ತದೆ. ಪಿಸ್ಟನ್ ಕೈಕೊಟ್ಟ ಮೇಲೆ ಪೆಟ್ರೋಲ್ ಮೇಲೆ ತಪ್ಪು ಹೊರಿಸುವ ಕೆಲವು ಪ್ರಕರಣಗಳ ಮೂಲ ಇಲ್ಲಿರುತ್ತದೆ. ರೀಫ್ಲ್ಯಾಶ್ ಮಾಡುವಾಗ ಇಂಜೆಕ್ಟರ್ ಸ್ಕೇಲಿಂಗ್ ಮತ್ತು ಲೇಟೆನ್ಸಿ ಟೇಬಲ್‌ಗಳನ್ನೇ ತಿದ್ದಬೇಕು.

ಇ20 ಪೆಟ್ರೋಲ್ ಬಂದ ಮೇಲೆ ಇಂಜೆಕ್ಟರ್ ಅಂಕಿಗಳನ್ನು ಬದಲಿಸಬೇಕೇ?

ಇಂಜೆಕ್ಟರ್ ಬದಲಾಗಿಲ್ಲ, ಇಂಧನ ಬದಲಾಗಿದೆ. ಶುದ್ಧ ಪೆಟ್ರೋಲಿನ ಆದರ್ಶ ಅನುಪಾತ 14.7 ಆದರೆ ಶೇ 20 ಎಥನಾಲ್ ಬೆರೆತದ್ದಕ್ಕೆ ಅದು ಸುಮಾರು 13.5. ಎಥನಾಲ್ ಪೆಟ್ರೋಲಿಗಿಂತ ತುಸು ಭಾರವಾದ್ದರಿಂದ ಸಿಸಿ ಲೆಕ್ಕದಲ್ಲಿ ಹೆಚ್ಚು ಬೇಕಾಗುವುದು ಶೇ 8ರಷ್ಟು. ಇಸಿಯುನಲ್ಲಿ ಆದರ್ಶ ಅನುಪಾತ ಮತ್ತು ಸಾಂದ್ರತೆ ಬರೆಯುವ ಜಾಗವಿದ್ದರೆ ಅಲ್ಲೇ ಬದಲಿಸಿ, ಡೆಡ್ ಟೈಮನ್ನು ಮುಟ್ಟಬೇಡಿ. ಮೀಟರನ್ನು ಲ್ಯಾಂಬ್ಡಾದಲ್ಲಿ ಓದುವ ಅಭ್ಯಾಸ ಮಾಡಿಕೊಂಡರೆ ಈ ಗೊಂದಲವೇ ಇಲ್ಲ. ಅನುಪಾತ ತೋರಿಸುವ ಮೀಟರುಗಳು ಬಂಕಿನಲ್ಲಿ ಯಾವ ಪೆಟ್ರೋಲ್ ಹಾಕಿಸಿದರೂ ಲ್ಯಾಂಬ್ಡಾ 1 ಆದಾಗ 14.7 ಎಂದೇ ಬರೆಯುತ್ತವೆ.

ಬೆಂಗಳೂರಿನಲ್ಲಿ ಟ್ಯೂನ್ ಮಾಡಿದ ಕಾರು ಮಂಗಳೂರಿನಲ್ಲಿ ಲೀನ್ ಆಗುತ್ತದೆ. ಇಂಜೆಕ್ಟರ್ ಕಾರಣವೇ?

ಅಲ್ಲ ಎನ್ನಬಹುದು. ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 91 ಕಿಲೋಪಾಸ್ಕಲ್, ಕರಾವಳಿಯಲ್ಲಿ 101. ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಆಧಾರದ ಟ್ಯೂನ್ ಇದನ್ನು ಬಹುಪಾಲು ತಾನೇ ಸರಿದೂಗಿಸುತ್ತದೆ. ಥ್ರಾಟಲ್ ಕೋನವನ್ನಷ್ಟೇ ನಂಬಿದ ಟ್ಯೂನ್‌ನಲ್ಲಿ ಶೇ 10ರಷ್ಟು ಲೀನ್ ಆಗುವುದು ಸಹಜ. ಕೆಲವು ಇಸಿಯುಗಳು ಕೀ ಹಾಕಿದ ಕ್ಷಣ ಮಾತ್ರ ಹೊರಗಿನ ಒತ್ತಡ ಓದಿಕೊಳ್ಳುತ್ತವೆ. ಶಿರಾಡಿ ಘಾಟಿ ಇಳಿದ ಮೇಲೆ ಒಮ್ಮೆ ಆಫ್ ಮಾಡಿ ಸ್ಟಾರ್ಟ್ ಮಾಡಿದಾಗ ಸರಿಹೋದರೆ ಕಾರಣ ಅದೇ. ಪ್ರತ್ಯೇಕ ಬ್ಯಾರೋ ಸೆನ್ಸರ್ ಹಾಕಿಸಿ.

ನಾಲ್ಕು ಇಂಜೆಕ್ಟರ್‌ಗಳಲ್ಲಿ ಒಂದು ಮಾತ್ರ ಬೇರೆ ಅಳತೆ ಕೊಡುತ್ತಿದೆ. ಬಿಡಬಹುದೇ?

ಸೆಟ್ ಒಳಗೆ ಶೇ 2ರ ವ್ಯತ್ಯಾಸ ಇದ್ದರೆ ಬಿಡಿ. ಶೇ 5 ಅಥವಾ ಹೆಚ್ಚಿದ್ದರೆ ಬದಲಿಸಿ, ಏಕೆಂದರೆ ಸೈಲೆನ್ಸರ್ ಪೈಪಿನ ಒಂದೇ ವೈಡ್‌ಬ್ಯಾಂಡ್ ನಾಲ್ಕರ ಸರಾಸರಿಯನ್ನು ತೋರಿಸುತ್ತದೆ. ಮೂರು ಸಿಲಿಂಡರ್ ತುಸು ರಿಚ್ ಆಗಿ ಒಂದು ಅಪಾಯಕಾರಿಯಾಗಿ ಲೀನ್ ಇದ್ದರೂ ಮೀಟರ್ ಚೆನ್ನಾಗಿಯೇ ಕಾಣುತ್ತದೆ. ಪೂರ್ತಿ ಫ್ಲೋನಲ್ಲಿ ಹೊಂದುವ ಇಂಜೆಕ್ಟರ್‌ಗಳು ಚಿಕ್ಕ ಪಲ್ಸ್‌ನಲ್ಲಿ ಹೊಂದದಿರಬಹುದು, ಹಾಗಾಗಿ ಎರಡೂ ಕಡೆ ಅಳೆಯಿಸಿ. ಅನುಮಾನವಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನಾಲ್ಕನ್ನೂ ಸಾಲಾಗಿ ಇಟ್ಟು ನೋಡಿ; ಒಂದರ ಪಿಂಗಾಣಿ ಮಾತ್ರ ಬೆಳ್ಳಗಿದ್ದರೆ ಆ ಸಿಲಿಂಡರಿನ ಇಂಜೆಕ್ಟರನ್ನೇ ಮೊದಲು ಬಿಚ್ಚಿ.

ಡೀಸೆಲ್ ಕಾರಿಗೂ ಇದೇ ವಿಧಾನವೇ?

ಕಾಮನ್ ರೈಲ್ ಡೀಸೆಲ್‌ನಲ್ಲಿ ಪ್ರೆಶರ್ 1000 ಬಾರ್ ಮೀರುತ್ತದೆ, ಈ ಪುಟದ ಯಾವ ಅಳತೆಯನ್ನೂ ಅಲ್ಲಿ ಮನೆಯಲ್ಲಿ ಮಾಡಲಾಗದು; ಸೋರುವ ಧಾರೆ ಚರ್ಮವನ್ನೇ ತೂರಿ ಒಳಹೋಗುತ್ತದೆ. ಅಲ್ಲಿ ಹಲವು ಇಂಜೆಕ್ಟರ್‌ಗಳ ಮೇಲೆ ತಯಾರಕರೇ ಅಳೆದು ಕೊರೆದ ಒಂದು ಕೋಡ್ ಇರುತ್ತದೆ. ಇಂಜೆಕ್ಟರ್ ಬದಲಿಸಿದಾಗ ಸ್ಕ್ಯಾನರ್ ಮೂಲಕ ಆ ಕೋಡನ್ನು ಅದೇ ಸಿಲಿಂಡರಿನ ಹೆಸರಿಗೆ ಇಸಿಯುನಲ್ಲಿ ಬರೆಸಬೇಕು, ತೊಳೆಸಲು ಬಿಚ್ಚಿದಾಗ ಒಂದರ ಜಾಗದಲ್ಲಿ ಇನ್ನೊಂದು ಕೂರದಂತೆ ಮೊದಲೇ ಗುರುತು ಹಾಕಿಕೊಳ್ಳಬೇಕು.